ಹೃದಯದ ಒತ್ತಡ ಲೆಕ್ಕ ಹಾಕುವ ವಿಧಾನಕ್ಕೆ ಪೇಟೆಂಟ್: ಅರ್ಜಿ ಬರೆಯುವುದು ಹೇಗೆ?

ಎಕೋ (ಹೃದಯದ ಅಲ್ಟ್ರಾಸೌಂಡ್) ಕೋಣೆಯಲ್ಲಿ ಕೂತು ಒಮ್ಮೆ ಪರದೆ ನೋಡಿ. ಹೃದಯದ ಬಲ ಮೇಲ್ಕೋಣೆ, ಕೆಳಕೋಣೆಗಳ ನಡುವಿನ ಟ್ರೈಕಸ್ಪಿಡ್ ಕವಾಟದಿಂದ ಹಿಂದಕ್ಕೆ ಸೋರುವ ರಕ್ತದ ವೇಗ ಸೆಕೆಂಡಿಗೆ 3 ಮೀಟರ್ ಎಂದು ಬರುತ್ತದೆ. ಮೂರರ ವರ್ಗ ಒಂಬತ್ತು, ಅದನ್ನು ನಾಲ್ಕರಿಂದ ಗುಣಿಸಿದರೆ 36. ಕೆಳ ಮಹಾಸಿರೆ ಎಷ್ಟು ಅಗಲ ಇದೆ, ಉಸಿರೆಳೆದಾಗ ಎಷ್ಟು ಕುಗ್ಗುತ್ತದೆ ಎಂದು ನೋಡಿ ಬಲ ಮೇಲ್ಕೋಣೆಯ ಒತ್ತಡವೆಂದು 8 ಸೇರಿಸುತ್ತಾರೆ. ಒಟ್ಟು 44 ಮಿ.ಮೀ. ಪಾದರಸ. ಕ್ಯಾತಿಟರ್ (ರಕ್ತನಾಳದ ಮೂಲಕ ಹಾಕುವ ತೆಳು ಕೊಳವೆ) ತೂರಿಸದೆಯೇ ಹೃದಯದ ಬಲ ಕೆಳಕೋಣೆಯ ಒತ್ತಡದ ಅಂದಾಜು ಸಿಕ್ಕಿತು.

ಈ ಅಂದಾಜನ್ನು ಇನ್ನಷ್ಟು ನಿಖರ ಮಾಡುವ ದಾರಿ ಕಂಡುಕೊಂಡವರು ನನ್ನ ಹತ್ತಿರ ಬರುತ್ತಾರೆ. ನನ್ನದು ಪೇಟೆಂಟ್ ಅರ್ಜಿ ಬರೆಯುವ ಕೆಲಸ. ಡಾಕ್ಟರು, ಎಂಜಿನಿಯರು ಸೇರಿ ವರ್ಷಗಟ್ಟಲೆ ಬೆವರು ಸುರಿಸಿರುತ್ತಾರೆ. ಅರ್ಜಿಯನ್ನು ಮಾತ್ರ ಎರಡು ದಿನದಲ್ಲಿ ಗೀಚಿರುತ್ತಾರೆ. ಆಮೇಲೆ ತಿರಸ್ಕಾರದ ಆದೇಶ ಕೈಯಲ್ಲಿ ಹಿಡಿದು ಬಂದಾಗ ಹೊಟ್ಟೆ ಉರಿಯುತ್ತದೆ. ಅದರಲ್ಲಿ ಮುಕ್ಕಾಲು ಪಾಲು ತಪ್ಪಿಸಬಹುದಾದ ತಪ್ಪುಗಳು.

ಹೆಜ್ಜೆ 1: ಅರ್ಜಿ ಹಾಕುವವರೆಗೆ ಬಾಯಿ ಬಿಡಬೇಡಿ

ಪ್ರಬಂಧ, ಪೋಸ್ಟರ್, ಲಿಂಕ್ಡ್‌ಇನ್ ಪೋಸ್ಟ್ ಯಾವುದೂ ಬೇಡ. ಒಂದು ತಂಡ ಸಮ್ಮೇಳನದಲ್ಲಿ ಪೋಸ್ಟರ್ ಹಚ್ಚಿ ಎರಡು ತಿಂಗಳ ನಂತರ ಬಂತು. ಸಾರಾಂಶ ಆಗಲೇ ಆನ್‌ಲೈನ್‌ನಲ್ಲಿತ್ತು, ಸೂತ್ರದ ಸಮೇತ. ಹಾಗೆ ಹೊರಗೆ ಬಿದ್ದದ್ದು ಪೇಟೆಂಟ್ ಲೆಕ್ಕದಲ್ಲಿ ಹೊಸದಲ್ಲ. ವಿದ್ವತ್ ಸಂಘದ ಮುಂದೆ ಓದಿದ ಪ್ರಬಂಧಕ್ಕೆ ನಮ್ಮ ಪೇಟೆಂಟ್ ಕಾಯ್ದೆಯ 31ನೇ ಸೆಕ್ಷನ್ 12 ತಿಂಗಳ ವಿನಾಯಿತಿ ಕೊಡುತ್ತದೆ, ನಿಜ. ಆದರೆ ಅದರ ಬಾಗಿಲು ತುಂಬಾ ಕಿರಿದು. ಅದನ್ನು ನಂಬಿ ಕೂರಬೇಡಿ.

ಹೆಜ್ಜೆ 2: ಹಳೆಯದನ್ನು ಹುಡುಕಿ

ಪೇಟೆಂಟ್ ಹುಡುಕಲು ಭಾರತದ ಇನ್‌ಪಾಸ್, ಯುರೋಪಿನ ಎಸ್ಪಾಸ್‌ನೆಟ್, ಗೂಗಲ್ ಪೇಟೆಂಟ್ಸ್, ವೈದ್ಯಕೀಯ ಪ್ರಬಂಧಗಳಿಗೆ ಪಬ್‌ಮೆಡ್ ನಾಲ್ಕೂ ನೋಡಿ. ನಾಲ್ಕೂ ಉಚಿತ. ಮೇಲೆ ಹೇಳಿದ ನಾಲ್ಕರ ಸೂತ್ರ 1970ರ ದಶಕದಿಂದ ಬಳಕೆಯಲ್ಲಿದೆ. ಅದರಿಂದ ಬಲ ಕೆಳಕೋಣೆಯ ಒತ್ತಡ ಲೆಕ್ಕ ಹಾಕುವ ಕ್ರಮ 1984ರಲ್ಲೇ ಪ್ರಕಟವಾಗಿದೆ. ಎಡಭಾಗದ ಒತ್ತಡಕ್ಕೆ ಡಾಪ್ಲರ್ (ಅಲ್ಟ್ರಾಸೌಂಡ್‌ನಿಂದ ವೇಗ ಅಳೆಯುವ ಕ್ರಮ) ವೇಗಗಳ ಅನುಪಾತವನ್ನು 1.24ರಿಂದ ಗುಣಿಸಿ 1.9 ಕೂಡಿಸುವ ಸೂತ್ರ 1997ರದ್ದು. ಇವುಗಳ ಗುಣಾಂಕ ಸ್ವಲ್ಪ ಬದಲಿಸಿ "ಹೊಸದು" ಎಂದು ಬರುವವರು ಜಾಸ್ತಿ. ಅಷ್ಟರಿಂದ ಪೇಟೆಂಟ್ ಆಗುವುದಿಲ್ಲ.

ಹೆಜ್ಜೆ 3: ಎರಡು ಗೋಡೆಗಳನ್ನು ಗುರುತಿಸಿಕೊಳ್ಳಿ

1970ರ ಪೇಟೆಂಟ್ ಕಾಯ್ದೆಯ 3ನೇ ಸೆಕ್ಷನ್ ಯಾವುದಕ್ಕೆ ಪೇಟೆಂಟ್ ಇಲ್ಲ ಎಂದು ಪಟ್ಟಿ ಮಾಡುತ್ತದೆ. ನಿಮಗೆ ಅಡ್ಡ ಬರುವುದು ಎರಡು. 3(ಕೆ) ಪ್ರಕಾರ ಗಣಿತ ವಿಧಾನ, ಅಲ್ಗಾರಿದಮ್ ಮತ್ತು ಬರೀ ಕಂಪ್ಯೂಟರ್ ಪ್ರೋಗ್ರಾಂಗೆ ಪೇಟೆಂಟ್ ಇಲ್ಲ. 3(ಐ) ಪ್ರಕಾರ ಮನುಷ್ಯರ ರೋಗ ಪತ್ತೆ ಮತ್ತು ಚಿಕಿತ್ಸೆಯ ವಿಧಾನಗಳಿಗೆ ಇಲ್ಲ. ಹೃದಯದ ಒತ್ತಡದ ಲೆಕ್ಕ ಒಂದೇ ಏಟಿಗೆ ಎರಡೂ ಗೋಡೆಗೆ ಬಡಿಯುತ್ತದೆ, ಅಲ್ವಾ? ಅದಕ್ಕೇ ಇದು ಕಷ್ಟದ ಕ್ಷೇತ್ರ.

ಆದರೆ ಗೋಡೆಯಲ್ಲಿ ಬಾಗಿಲಿದೆ. ಕಂಪ್ಯೂಟರ್ ಆಧಾರಿತ ಆವಿಷ್ಕಾರ ತಾಂತ್ರಿಕ ಪರಿಣಾಮ ತೋರಿಸಿದರೆ, ಅದರಲ್ಲಿ ಪ್ರೋಗ್ರಾಂ ಇದೆ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕುವಂತಿಲ್ಲ ಎಂದು ದೆಹಲಿ ಹೈಕೋರ್ಟ್ 2019ರ ಫೆರಿದ್ ಅಲ್ಲಾನಿ ತೀರ್ಪಿನಲ್ಲಿ ಹೇಳಿತು. 3(ಐ) ಬಗ್ಗೆ 2023ರಲ್ಲಿ ಮದ್ರಾಸ್ ಹೈಕೋರ್ಟ್ ತೀರ್ಪು ಬಂತು. ಹಾಂಗ್‌ಕಾಂಗ್‌ನ ಚೈನೀಸ್ ಯೂನಿವರ್ಸಿಟಿಯ ಪ್ರಕರಣ ಅದು. ದೇಹದ ಹೊರಗೆ ಮಾಡುವ ಪರೀಕ್ಷೆಯೂ ಈ ನಿಷೇಧಕ್ಕೆ ಸಿಗಬಹುದು, ಆದರೆ ಚಿಕಿತ್ಸೆಗಾಗಿ ರೋಗವನ್ನು ಗುರುತಿಸಿ ಹೇಳುವಂತಿದ್ದರೆ ಮಾತ್ರ ಎಂದಿತು. ಕರ್ನಾಟಕದ ಅರ್ಜಿಗಳು ಹೋಗುವುದು ಚೆನ್ನೈ ಪೇಟೆಂಟ್ ಕಚೇರಿಗೆ, ಅಲ್ಲಿಂದ ಮೇಲ್ಮನವಿ ಮದ್ರಾಸ್ ಹೈಕೋರ್ಟಿಗೆ. ಹಾಗಾಗಿ ಈ ತೀರ್ಪು ನಮಗೆ ತುಂಬಾ ಮುಖ್ಯ.

ಹೆಜ್ಜೆ 4: ಕ್ಲೇಮ್ ಬರೆಯಿರಿ, ಇಲ್ಲೇ ಎಲ್ಲರೂ ಎಡವುವುದು

ನೀವು ಯಾವುದರ ಮೇಲೆ ಹಕ್ಕು ಕೇಳುತ್ತೀರಿ ಎಂದು ಹೇಳುವ ವಾಕ್ಯಗಳೇ ಕ್ಲೇಮ್. ಉಳಿದ ಐವತ್ತು ಪುಟ ಎಷ್ಟು ಚೆನ್ನಾಗಿದ್ದರೂ ಪರೀಕ್ಷಕರು ಮೊದಲು ಹೋಗುವುದು ಮೊದಲನೇ ಕ್ಲೇಮಿಗೆ. ಒಂದು ಉದಾಹರಣೆ ಇಟ್ಟುಕೊಂಡು ಕೈಹಿಡಿದು ತೋರಿಸುತ್ತೇನೆ.

ಡಾಪ್ಲರ್ ಕಿರಣ ರಕ್ತದ ಹರಿವಿಗೆ ನೇರ ಇಲ್ಲದೆ 20 ಡಿಗ್ರಿ ಓರೆಯಾಯಿತು ಎನ್ನಿ. 3 ಮೀಟರ್ ವೇಗ ಯಂತ್ರಕ್ಕೆ ಸುಮಾರು 2.82 ಎಂದು ಕಾಣುತ್ತದೆ. ಸಣ್ಣ ತಪ್ಪು ಅನಿಸುತ್ತದೆ. ಆದರೆ ವರ್ಗ ಮಾಡುತ್ತೇವಲ್ಲ! 36 ಬರಬೇಕಾದ ಕಡೆ 32ರ ಆಸುಪಾಸು ಬರುತ್ತದೆ. ಈ ತಪ್ಪನ್ನು ಹಿಡಿದು ಸರಿಪಡಿಸುವ ದಾರಿ ನಿಮ್ಮ ತಂಡ ಕಂಡುಹಿಡಿದಿದೆ ಅಂದುಕೊಳ್ಳೋಣ.

ಸಾಮಾನ್ಯವಾಗಿ ನನ್ನ ಮೇಜಿಗೆ ಬರುವ ಕರಡು ಹೀಗಿರುತ್ತದೆ: "ರೋಗಿಯಲ್ಲಿ ಶ್ವಾಸಕೋಶದ ಅಧಿಕ ಒತ್ತಡ ಪತ್ತೆ ಮಾಡುವ ವಿಧಾನ. ವೇಗ ಪಡೆಯುವುದು, ಕೋನದ ಗುಣಾಂಕದಿಂದ ತಿದ್ದುವುದು, ವರ್ಗ ಮಾಡುವುದು, ಫಲಿತಾಂಶ ಮಿತಿ ಮೀರಿದರೆ ರೋಗವಿದೆ ಎಂದು ನಿರ್ಧರಿಸುವುದು."

ಒಂದೊಂದೇ ಪದ ನೋಡಿ. "ಪತ್ತೆ ಮಾಡುವ ವಿಧಾನ" ಎಂದ ಕೂಡಲೇ 3(ಐ) ಬಂತು. "ವರ್ಗ ಮಾಡುವುದು" 3(ಕೆ)ಗೆ ಸಿಕ್ಕಿತು. "ವೇಗ ಪಡೆಯುವುದು" ಎಂದರೆ ಎಲ್ಲಿಂದ ಪಡೆಯುವುದು? ಕಾಗದದ ಮೇಲಿಂದಲೂ ಪಡೆಯಬಹುದು. ಯಂತ್ರವೇ ಇಲ್ಲ. ಕೊನೆಯ ಸಾಲಿನ "ರೋಗವಿದೆ" ಅನ್ನುವುದಂತೂ ನಾವೇ ಬರೆದುಕೊಟ್ಟ ತಪ್ಪೊಪ್ಪಿಗೆ.

ನಾನಾದರೆ ಹೀಗೆ ಬರೆಯುತ್ತೇನೆ: "ಒಂದು ಅಲ್ಟ್ರಾಸೌಂಡ್ ಉಪಕರಣ. ಅದರಲ್ಲಿ ಅನೇಕ ಸ್ಫಟಿಕಗಳ ಪ್ರೋಬ್ ಇದೆ, ಅದಕ್ಕೆ ಜೋಡಿಸಿದ ಪ್ರೊಸೆಸರ್ ಇದೆ. ಪ್ರೊಸೆಸರ್ ಪ್ರೋಬಿನ ಸಂಕೇತದಿಂದ ಹರಿವಿನ ದಿಕ್ಕು ಮತ್ತು ಕಿರಣದ ನಡುವಿನ ಕೋನ ಅಳೆಯುತ್ತದೆ. ಆ ಕೋನಕ್ಕೆ ತಕ್ಕಂತೆ ಸ್ಫಟಿಕಗಳು ಮಿಡಿಯುವ ಸಮಯ ಬದಲಿಸಿ ಮುಂದಿನ ಕಿರಣವನ್ನು ಹರಿವಿನ ನೇರಕ್ಕೆ ತಿರುಗಿಸುತ್ತದೆ. ಹೀಗೆ ಪಡೆದ ವೇಗದಿಂದ ಒತ್ತಡದ ಮೌಲ್ಯವನ್ನು ಪರದೆಗೆ ಕೊಡುತ್ತದೆ."

ಏನು ಬದಲಾಯಿತು? ಲೆಕ್ಕ ಈಗ ಯಂತ್ರದ ನಡವಳಿಕೆಯನ್ನು ಬದಲಿಸುತ್ತಿದೆ. ಲೆಕ್ಕದಿಂದಾಗಿ ಮುಂದಿನ ಕಿರಣ ಬೇರೆ ದಿಕ್ಕಿಗೆ ಹೋಗುತ್ತದೆ, ಅಳತೆ ಸುಧಾರಿಸುತ್ತದೆ. ಕ್ಲೇಮ್ ಒಂದು ಸಂಖ್ಯೆಗೆ ಬಂದು ನಿಲ್ಲುತ್ತದೆ, ರೋಗದ ಹೆಸರು ಎಲ್ಲೂ ಇಲ್ಲ. ರೋಗ ಯಾವುದೆಂದು ಹೇಳುವುದು ಡಾಕ್ಟರ ಕೆಲಸ. ಅದನ್ನು ಅವರಿಗೇ ಬಿಡಿ.

ಕೆಲವರು ಹಳೆಯ ಕ್ಲೇಮಿನ ಮುಂದೆ ಸುಮ್ನೆ "ಕಂಪ್ಯೂಟರ್ ಮೂಲಕ" ಎಂದು ಸೇರಿಸಿ ಕೆಲಸ ಮುಗಿಯಿತು ಅನ್ನುತ್ತಾರೆ. ಮುಗಿಯಲ್ಲ. ಪೇಟೆಂಟ್ ಕಚೇರಿ ನೋಡುವುದು ಒಳಗಿನ ತಿರುಳನ್ನು. ಎಐ ಚಾಟ್‌ಬಾಟ್ ಬರೆದ ಕರಡುಗಳಲ್ಲೂ ನಾನು ಕಾಣುತ್ತಿರುವುದು ಇದೇ ರೋಗ: ಪ್ರೊಸೆಸರ್, ಮೆಮೊರಿ ಎಂಬ ಪದಗಳು ಧಾರಾಳ, ಯಂತ್ರದಲ್ಲಿ ಏನು ಬದಲಾಯಿತು ಎಂಬುದು ಮಾತ್ರ ನಾಪತ್ತೆ.

ನಿಮ್ಮ ಆವಿಷ್ಕಾರ ನಿಜಕ್ಕೂ ಬರೀ ಸೂತ್ರವೇ ಆಗಿದ್ದರೆ? ಇರುವ ಎಕೋ ವರದಿಯ ಅಂಕಿ ತೆಗೆದುಕೊಂಡು ಇನ್ನೊಂದು ಅಂಕಿ ಕೊಡುವುದಷ್ಟೇ ಆದರೆ? ದುಡ್ಡು ಉಳಿಸಿ. ಒಳ್ಳೆಯ ಜರ್ನಲ್‌ನಲ್ಲಿ ಪ್ರಕಟಿಸಿ. ಸಾಫ್ಟ್‌ವೇರ್ ಬರಹಕ್ಕೆ ಕಾಪಿರೈಟ್ ಇದ್ದೇ ಇದೆ. ಇದನ್ನು ಕೇಳಿ ಮುಖ ಸಣ್ಣ ಮಾಡಿಕೊಂಡವರಿದ್ದಾರೆ, ಆದರೂ ಹೇಳಿಬಿಡುತ್ತೇನೆ.

ಹೊರದೇಶದಲ್ಲೂ ಹೆಚ್ಚು ಕಡಿಮೆ ಇದೇ ಕಥೆ. ಅಮೆರಿಕದಲ್ಲಿ 2012ರ ಮೇಯೊ ತೀರ್ಪಿನ ನಂತರ ರೋಗ ಪತ್ತೆಯ ಕ್ಲೇಮ್‌ಗಳು ಸಾಲುಸಾಲಾಗಿ ಬಿದ್ದವು. ಆದರೆ ಹೃದಯ ಬಡಿತದ ಏರುಪೇರು ಹಿಡಿಯುವ ಕಾರ್ಡಿಯೋನೆಟ್ ಉಪಕರಣದ ಕ್ಲೇಮ್ 2020ರಲ್ಲಿ ಗೆದ್ದಿತು. ಅದು ಸುಧಾರಿತ ಉಪಕರಣ ಎಂದು ಕೋರ್ಟ್ ಒಪ್ಪಿತು.

ಹೆಜ್ಜೆ 5: ಪುರಾವೆಯನ್ನು ಮೊದಲ ದಿನವೇ ಒಳಗಿಡಿ

ಕೋನ ತಿದ್ದದೆ ಎಷ್ಟು ಬಂತು, ತಿದ್ದಿದ ಮೇಲೆ ಎಷ್ಟು, ಕ್ಯಾತಿಟರ್ ಹಾಕಿ ಅಳೆದಾಗ ಎಷ್ಟು ಎಂಬ ಮೂರು ಅಂಕಣದ ಕೋಷ್ಟಕ ಸ್ಪೆಸಿಫಿಕೇಶನ್‌ನಲ್ಲಿ (ಅರ್ಜಿಯ ಜೊತೆಗಿನ ಆವಿಷ್ಕಾರದ ವಿವರಣೆಯಲ್ಲಿ) ಇರಲೇಬೇಕು. ಸರ್ಕ್ಯೂಟಿನ ಚಿತ್ರ, ಹೆಜ್ಜೆಗಳ ಚಿತ್ರ ಎರಡೂ ಬೇಕು. ಆಮೇಲೆ ಸೇರಿಸೋಣ ಅಂದರೆ ಆಗದು. 59ನೇ ಸೆಕ್ಷನ್ ಪ್ರಕಾರ ಮೊದಲು ಹೇಳದ ವಿಷಯವನ್ನು ತಿದ್ದುಪಡಿಯಲ್ಲಿ ತರುವಂತಿಲ್ಲ. ಪ್ರೊವಿಷನಲ್ (ತಾತ್ಕಾಲಿಕ) ಅರ್ಜಿ ಹಾಕಿದರೆ 12 ತಿಂಗಳೊಳಗೆ ಪೂರ್ತಿ ಅರ್ಜಿ ಕೊಡಬೇಕು. ಆ ಅವಧಿಯಲ್ಲಿ ಅಳತೆ ಮುಗಿಸಿಕೊಳ್ಳಿ. ಒಂದೇ ಪುಟದ ಪ್ರೊವಿಷನಲ್ ಮಾತ್ರ ಬೇಡ. ಅದರಲ್ಲಿ ಹೇಳದ ವಿಷಯಕ್ಕೆ ಆ ಹಳೆಯ ದಿನಾಂಕ ಸಿಗುವುದಿಲ್ಲ.

ಹೆಜ್ಜೆ 6: ಫಾರಂ, ಫೀಸು

ಇದು ಸುಲಭ. ಆನ್‌ಲೈನ್‌ನಲ್ಲಿ ಅರ್ಜಿಗೆ ವ್ಯಕ್ತಿಗಳು, ಸ್ಟಾರ್ಟಪ್‌ಗಳು, ಶಿಕ್ಷಣ ಸಂಸ್ಥೆಗಳಿಗೆ 1,600 ರೂಪಾಯಿ. ಪರೀಕ್ಷೆಗೆ ಕೋರುವ ಫಾರಂ 18ಕ್ಕೆ 4,000. ಹೊಸ ನಿಯಮದಂತೆ ಈ ಫಾರಂ 31 ತಿಂಗಳೊಳಗೆ ಹಾಕಬೇಕು. ಮರೆತರೆ ಅರ್ಜಿಯೇ ಹೋಯಿತು. ವಿದೇಶದಲ್ಲಿ ಮೊದಲು ಹಾಕುವುದಾದರೆ ಇಲ್ಲಿಂದ ಅನುಮತಿ ಪಡೆಯಿರಿ, ಇಲ್ಲವೇ ಇಲ್ಲಿ ಹಾಕಿ ಆರು ವಾರ ಕಾಯಿರಿ.

"ಕೆಲವೇ ದಿನದಲ್ಲಿ ಪೇಟೆಂಟ್" ಎಂಬ ಜಾಹೀರಾತಿಗೆ ದಯವಿಟ್ಟು ಬೀಳಬೇಡಿ. ಅವರು ಕೈಗೆ ಕೊಡುವುದು ಬಹಳ ಸಲ ಡಿಸೈನ್ ನೋಂದಣಿ. ಅದು ಪೆಟ್ಟಿಗೆಯ ಹೊರ ಆಕಾರಕ್ಕೆ ಸಿಗುವ ರಕ್ಷಣೆ. ಒಳಗಿನ ನಿಮ್ಮ ಬುದ್ಧಿಗೆ ಅದು ಏನೂ ಕೊಡುವುದಿಲ್ಲ.

ಹೆಜ್ಜೆ 7: ಆಕ್ಷೇಪಣೆಗೆ ಉತ್ತರ

ಮೊದಲ ಪರೀಕ್ಷಾ ವರದಿಯಲ್ಲಿ 3(ಕೆ), 3(ಐ) ಎರಡೂ ಇರುತ್ತವೆ ಎಂದೇ ಇಟ್ಟುಕೊಳ್ಳಿ. ಗಾಬರಿ ಬೇಡ. ಉತ್ತರಕ್ಕೆ ಆರು ತಿಂಗಳು ಸಮಯ, ಕೇಳಿಕೊಂಡರೆ ಇನ್ನೂ ಮೂರು. ತೀರ್ಪುಗಳ ಉದ್ದನೆಯ ಉಲ್ಲೇಖಕ್ಕಿಂತ ನಿಮ್ಮ ಕೋಷ್ಟಕದ ಒಂದು ಸಾಲು ಹೆಚ್ಚು ಕೆಲಸ ಮಾಡುತ್ತದೆ. ಹಿಯರಿಂಗ್‌ಗೆ ಯಂತ್ರ ಕಟ್ಟಿದ ಎಂಜಿನಿಯರ್ ಕೂಡ ಕೂರಲಿ. ಕಿರಣ ಹೇಗೆ ತಿರುಗುತ್ತದೆ ಎಂದು ಅವರು ಹೇಳಿದಷ್ಟು ಚೆನ್ನಾಗಿ ನಾನು ಹೇಳಲಾರೆ. ಹಿಯರಿಂಗ್ ಮುಗಿದು 15 ದಿನದೊಳಗೆ ಲಿಖಿತ ವಾದ ಕೊಡಿ. ಆದರೂ ತಿರಸ್ಕಾರವಾದರೆ ಮದ್ರಾಸ್ ಹೈಕೋರ್ಟಿಗೆ ಮೇಲ್ಮನವಿ ಹಾಕಲು ಮೂರು ತಿಂಗಳಿದೆ. ಆದೇಶ ಬಂದ ದಿನವೇ ಆ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.