ಲೀಸ್ ಬೇರೆ, ಕಾರ್ಡ್ ಒಪ್ಪಂದ ಬೇರೆ: ಎರಡರಿಂದಲೂ ಬಿಡಿಸಿಕೊಂಡ ನನ್ನ ಅನುಭವ

ಕಾರ್ಡ್ ಯಂತ್ರದ ಲೀಸಿಗೆ (ತಿಂಗಳ ಕಂತಿನ ಬಾಡಿಗೆ ಒಪ್ಪಂದಕ್ಕೆ) ಒಮ್ಮೆ ಸಹಿ ಬಿದ್ದರೆ ಅವಧಿ ಮುಗಿಯುವವರೆಗೆ ಬಿಡುಗಡೆಯೇ ಇಲ್ಲವೆಂದು ವ್ಯಾಪಾರದ ಗೆಳೆಯರೆಲ್ಲರೂ ಹೇಳುತ್ತಿದ್ದರು. ನನ್ನ ಲೆಕ್ಕಪತ್ರ ನೋಡುವವರೂ ಅದನ್ನೇ ಹೇಳಿದರು. ಒಂದು ವರ್ಷಕ್ಕೂ ಹೆಚ್ಚಿನ ಕಂತುಗಳು ಬಾಕಿಯಿರುವಾಗಲೇ ನಾನು ಲೀಸಿನಿಂದ ಹೊರಬಂದೆ, ಕಾರ್ಡ್ ವಹಿವಾಟಿನ ಒಪ್ಪಂದವನ್ನೂ ದಂಡ ಕಟ್ಟದೆ ಮುಗಿಸಿದೆ. ಹಿಂದೆ ಒಟ್ಟು ಕಾರ್ಡ್ ವಹಿವಾಟಿನ ಶೇ. 3.5ರಷ್ಟು ಶುಲ್ಕಕ್ಕೇ ಹೋಗುತ್ತಿತ್ತು. ಈಗ ಅದು ಶೇ. 2.2ರ ಆಸುಪಾಸಿನಲ್ಲಿದೆ.

ಏಜೆಂಟ್ ಒಂದೇ ಕಟ್ಟಿನಲ್ಲಿ ತಂದುಕೊಡುವ ಕಾಗದಗಳಲ್ಲಿ ಎರಡು ಒಪ್ಪಂದಗಳಿರುತ್ತವೆ. ಕಾರ್ಡ್ ಪಾವತಿಯನ್ನು ನಮ್ಮ ಖಾತೆಗೆ ತಲುಪಿಸುವ ವಹಿವಾಟಿನ ಒಪ್ಪಂದ ಒಂದು ಕಂಪನಿಯೊಡನೆ, ಲೀಸ್ ಮತ್ತೊಂದು ಹಣಕಾಸು ಕಂಪನಿಯೊಡನೆ. ಮೊದಲನೆಯದನ್ನು ರದ್ದುಮಾಡಿದರೂ ಎರಡನೆಯದರ ಕಂತು ನಿಲ್ಲುವುದಿಲ್ಲ. ಯಂತ್ರ ಕೆಟ್ಟು ಮೂಲೆಯಲ್ಲಿದ್ದರೂ ಕಂತು ಕಟ್ಟಲೇಬೇಕೆಂಬ ಷರತ್ತು ನನ್ನ ಲೀಸಿನಲ್ಲಿ ಸ್ಪಷ್ಟವಾಗಿತ್ತು. 48 ತಿಂಗಳ ಕಂತುಗಳನ್ನು ಕೂಡಿಸಿದಾಗ, ಅದೇ ಯಂತ್ರವನ್ನು ಮಾರುಕಟ್ಟೆಯಲ್ಲಿ ಕೊಳ್ಳುವ ಬೆಲೆಯ ನಾಲ್ಕೈದು ಪಟ್ಟಾಗುತ್ತಿತ್ತು. ಅವಧಿ ಮುಗಿದ ಮೇಲೂ ಯಂತ್ರವನ್ನು ಹಿಂದಿರುಗಿಸದಿದ್ದರೆ ತಿಂಗಳ ಲೆಕ್ಕದಲ್ಲಿ ಬಾಡಿಗೆ ಮುಂದುವರಿಯುತ್ತದೆ ಎಂಬುದು ಕೊನೆಯ ಪುಟದ ಸಣ್ಣ ಅಕ್ಷರಗಳಲ್ಲಿತ್ತು.

ಏಜೆಂಟರ ಮೂಲಕ ಪ್ರಯತ್ನಿಸಿದ್ದು ಫಲಿಸಲಿಲ್ಲ; ಕಮಿಷನ್ ಕೈಸೇರಿದ ಮೇಲೆ ಅವರು ಫೋನ್ ಎತ್ತುವುದನ್ನೇ ನಿಲ್ಲಿಸಿದ್ದರು. ವಹಿವಾಟಿನ ಕಂಪನಿಯವರು ಲೀಸ್ ತಮ್ಮದಲ್ಲವೆಂದು ಕೈತೊಳೆದುಕೊಂಡರು. ಬ್ಯಾಂಕಿನಲ್ಲಿ ಕಂತನ್ನು ತಡೆಹಿಡಿಯಿರಿ ಎಂದು ಹಲವರು ಸಲಹೆಯಿತ್ತರು. ಹಾಗೆ ಮಾಡಿದ ಪರಿಚಿತರೊಬ್ಬರ ಮೇಲೆ ಲೀಸ್ ಕಂಪನಿಯು ವೈಯಕ್ತಿಕ ಜಾಮೀನಿನ ಷರತ್ತನ್ನು ಪ್ರಯೋಗಿಸಿ, ವಿಳಂಬ ಶುಲ್ಕವನ್ನೂ ವಸೂಲಿ ವೆಚ್ಚವನ್ನೂ ಸೇರಿಸಿ, ಉಳಿದ ಕಂತುಗಳಿಗಿಂತ ಹೆಚ್ಚನ್ನೇ ಕಟ್ಟಿಸಿಕೊಂಡಿತು. ಆದ್ದರಿಂದ ನಾನು ಒಂದು ಕಂತನ್ನೂ ತಪ್ಪಿಸಲಿಲ್ಲ.

ಕಂತು ಕಟ್ಟುತ್ತಲೇ, ಇಂಥ ದಿನಾಂಕಕ್ಕೆ ಲೀಸನ್ನು ಪೂರ್ತಿ ತೀರಿಸಲು ಎಷ್ಟಾಗುತ್ತದೆ ಎಂದು ಲೀಸ್ ಕಂಪನಿಯನ್ನು ಬರಹದಲ್ಲಿ ಕೇಳಿದೆ. ಉಳಿದ ಎಲ್ಲ ಕಂತುಗಳು, ಅದರ ಮೇಲೆ ಯಂತ್ರದ ಬೆಲೆ ಎಂಬ ಉತ್ತರ ಬಂತು. ಆಗ ನಾನು ಮೂಲ ಒಪ್ಪಂದದ ಪ್ರತಿ, ಯಂತ್ರ ಒಪ್ಪಿಕೊಂಡ ರಸೀದಿ ಮತ್ತು ಅಲ್ಲಿಯವರೆಗಿನ ಪಾವತಿಗಳ ವಿವರ ತರಿಸಿಕೊಂಡೆ. ನನ್ನ ಸ್ವಂತ ವಿಮೆಯ ಪ್ರತಿಯನ್ನು ಮೊದಲ ವರ್ಷವೇ ಕಳುಹಿಸಿದ್ದರೂ ಪ್ರತಿ ತಿಂಗಳು ಯಂತ್ರದ ವಿಮೆಯೆಂದು ಹಣ ಕಡಿತವಾಗಿರುವುದು ಆ ವಿವರದಲ್ಲೇ ಇತ್ತು. ಅದನ್ನು ಹಿಂದಿರುಗಿಸಬೇಕೆಂಬ ಬೇಡಿಕೆಯನ್ನೂ ಒಂದೇ ಕಂತಿನಲ್ಲಿ ತೀರಿಸುವ ಪ್ರಸ್ತಾವವನ್ನೂ ಒಂದೇ ಪತ್ರದಲ್ಲಿ ಜೊತೆಗಿಟ್ಟಾಗ ಮೊತ್ತವು ಬಾಕಿಯ ಶೇ. 60ರಷ್ಟಕ್ಕೆ ಇಳಿಯಿತು. ಆ ಪತ್ರವನ್ನು ಯಾವ ವಿಭಾಗಕ್ಕೆ, ತಿಂಗಳ ಯಾವ ವಾರದಲ್ಲಿ ಕಳುಹಿಸಿದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಅದು ನಾನು ಕಷ್ಟಪಟ್ಟು ಕಂಡುಕೊಂಡದ್ದು. ಹಣ ಕಟ್ಟುವ ಮುನ್ನವೇ, ಯಾವ ಬಾಕಿಯೂ ಇಲ್ಲ, ಜಾಮೀನು ಬಿಡುಗಡೆಯಾಗಿದೆ ಎಂಬ ಪತ್ರದ ಕರಡನ್ನು ಒಪ್ಪಿಸಿಕೊಂಡೆ. ಯಂತ್ರದ ತಳದಲ್ಲಿ ಅಂಟಿಸಿದ ಚೀಟಿಯ ಸೀರಿಯಲ್ ನಂಬರ್, ಅಡಾಪ್ಟರ್, ಕೇಬಲ್ ಎಲ್ಲವೂ ಕಾಣುವಂತೆ ಫೋಟೋ ತೆಗೆದು, ಅದೇ ನಂಬರನ್ನು ಕೊರಿಯರ್ ರಸೀದಿಯ ಮೇಲೂ ಬರೆಸಿದೆ.

ವಹಿವಾಟಿನ ಒಪ್ಪಂದ ಅಷ್ಟು ಕಾಡಲಿಲ್ಲ. ಅದು ಮೂರು ವರ್ಷದ್ದು. ಮುಗಿಯುವ 90ರಿಂದ 30 ದಿನ ಮೊದಲು ನೋಟಿಸ್ ಕೊಡದಿದ್ದರೆ ತಾನಾಗಿ ನವೀಕರಣಗೊಳ್ಳುತ್ತದೆ. ಆ ಕಿಂಡಿ ತೆರೆದ ವಾರವೇ ನೋಟಿಸ್ ಕಳುಹಿಸಿ ಸ್ವೀಕೃತಿ ಪಡೆದೆ.

ಹೊಸ ಒಪ್ಪಂದದಲ್ಲಿ ನಾನು ಚೌಕಾಸಿ ಮಾಡಿದ್ದು ಕಂಪನಿ ತನಗಾಗಿ ಇಟ್ಟುಕೊಳ್ಳುವ ಪಾಲು, ಅಂದರೆ ಮಾರ್ಜಿನ್ ಮೇಲೆ ಮಾತ್ರ. ಇಂಟರ್‌ಚೇಂಜ್ ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗುವ ಶುಲ್ಕ; ಐರೋಪ್ಯ ಒಕ್ಕೂಟದಂತೆ 2015ರ ಕಾನೂನಿನಿಂದ ಡೆಬಿಟ್‌ಗೆ ಶೇ. 0.2, ಕ್ರೆಡಿಟ್‌ಗೆ ಶೇ. 0.3 ಎಂದು ಮಿತಿ ಬಿದ್ದ ಕಡೆಯೂ ನಮ್ಮಂಥ ಸಣ್ಣವರು ಅದನ್ನು ಮಾತಿನಿಂದ ಬದಲಿಸಲಾರರು. 'ಕ್ವಾಲಿಫೈಡ್', 'ನಾನ್‌-ಕ್ವಾಲಿಫೈಡ್' ಎಂದು ವಹಿವಾಟುಗಳನ್ನು ಅಗ್ಗ, ದುಬಾರಿ ಗುಂಪುಗಳಾಗಿ ವಿಂಗಡಿಸುವ ದರಪಟ್ಟಿಯನ್ನು ನಾನು ಮುಟ್ಟಲೇ ಇಲ್ಲ, ಏಕೆಂದರೆ ಅಲ್ಲಿ ಮಾರ್ಜಿನ್ ಎಷ್ಟೆಂದು ಕಾಣುವುದಿಲ್ಲ. ಇಂಟರ್‌ಚೇಂಜ್ ಪ್ಲಸ್ ಪದ್ಧತಿಯಲ್ಲಿ ಮಾರ್ಜಿನ್ ಪ್ರತ್ಯೇಕ ಸಾಲಾಗಿ ಬರುತ್ತದೆ. ತಿಂಗಳ ಒಟ್ಟು ಶುಲ್ಕವನ್ನು ಒಟ್ಟು ವಹಿವಾಟಿನಿಂದ ಭಾಗಿಸಿ, ಬಂದ ಅಂಕಿಯನ್ನು ಸ್ಟೇಟ್‌ಮೆಂಟಿನ ಮೇಲೆಯೇ ಬರೆದಿಡುತ್ತೇನೆ. ಏಜೆಂಟ್ ಹೇಳುವ ದರಕ್ಕಿಂತ ಈ ಅಂಕಿಯೇ ನಿಜ.

ಈ ನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದೆ. ಕೆಲವು ವಾರ ಬ್ಯಾಚನ್ನು, ಅಂದರೆ ಯಂತ್ರದಲ್ಲಿ ಕೂಡಿದ ವಹಿವಾಟುಗಳ ಕಂತೆಯನ್ನು, ಎರಡು ದಿನಕ್ಕೊಮ್ಮೆ ಮುಚ್ಚಿ ಕಂಪನಿಗೆ ಕಳುಹಿಸಿ ನೋಡಿದೆ. ತಡವಾಗಿ ಸೆಟಲ್ ಆದ ಕೆಲವು ವಹಿವಾಟುಗಳು ಇಂಟರ್‌ಚೇಂಜಿನ ದುಬಾರಿ ವರ್ಗಕ್ಕೆ ಜಾರಿದವು. ಅಂದಿನಿಂದ ಪ್ರತಿ ರಾತ್ರಿ ತಾನಾಗಿ ಮುಚ್ಚುವಂತೆ ಯಂತ್ರವನ್ನು ಹೊಂದಿಸಿದ್ದೇನೆ. ಕಂಪನಿಗಳ ಕಾರ್ಡ್ ಬಂದಾಗ ದರ ಇಳಿಯಲೆಂದು ತೆರಿಗೆ ಮೊತ್ತ ಮತ್ತು ಗ್ರಾಹಕ ಸಂಕೇತವನ್ನೂ ನಮೂದಿಸಿದೆ. ಅಂಥ ಕಾರ್ಡ್‌ಗಳು ನನ್ನಲ್ಲಿ ಕಡಿಮೆಯಾದ್ದರಿಂದ ಉಳಿತಾಯ ಅಲ್ಪವೇ. ಇದಕ್ಕಿಂತ ಲಾಭವಾದದ್ದು ಕಾರ್ಡ್ ಸುರಕ್ಷತೆಯ ಬಗ್ಗೆ ವ್ಯಾಪಾರಿಯೇ ಉತ್ತರಿಸುವ ಎಸ್‌ಎಕ್ಯೂ ಬಿ-ಐಪಿ ಪ್ರಶ್ನಾವಳಿಯನ್ನು ತುಂಬಿದ್ದರಿಂದ: ಪಿಸಿಐ ಎಂಬ ಕಾರ್ಡ್ ಮಾಹಿತಿ ಸುರಕ್ಷತೆಯ ನಿಯಮ ಪಾಲಿಸಿಲ್ಲವೆಂದು ತಿಂಗಳು ತಿಂಗಳು ಬೀಳುತ್ತಿದ್ದ ಶುಲ್ಕ ನಿಂತಿತು.

ಯಂತ್ರವನ್ನು ಈ ಸಲ ನಗದು ಕೊಟ್ಟು ಕೊಂಡೆ. ಅದಕ್ಕೆ ಮೊದಲು, ಕಾರ್ಡ್ ಮಾಹಿತಿಯನ್ನು ಗುಪ್ತವಾಗಿಸುವ ಹೊಸ ಕಂಪನಿಯ ಎನ್‌ಕ್ರಿಪ್ಷನ್ ಕೀ ಅದರೊಳಗೆ ಸೇರಿಸಲು ಆಗುತ್ತದೆಯೇ, ಅದರ ಪಿಟಿಎಸ್ ಅನುಮೋದನೆ (ಯಂತ್ರದ ಸುರಕ್ಷತೆಗೆ ಸಿಗುವ ಒಪ್ಪಿಗೆ) ಇನ್ನೂ ಎಷ್ಟು ವರ್ಷ ಉಳಿದಿದೆ ಎಂಬೆರಡನ್ನು ಖಚಿತಪಡಿಸಿಕೊಂಡೆ. ಒಂದೇ ಕಂಪನಿಗೆ ಬೀಗ ಹಾಕಿದ ಹಳೆಯ ಯಂತ್ರಗಳು ಅಗ್ಗಕ್ಕೆ ಸಿಗುತ್ತವೆ. ಅವು ಬೇರೆಡೆ ಕೆಲಸಕ್ಕೆ ಬಾರವು.

ಹಳೆಯ ಖಾತೆ ಮುಚ್ಚಿದ ಮೇಲೂ ಅದಕ್ಕೆ ಜೋಡಿಸಿದ ಬ್ಯಾಂಕ್ ಖಾತೆಯನ್ನು ಐದು ತಿಂಗಳಷ್ಟು ಕಾಲ ಹಣ ಬಿಟ್ಟು ತೆರೆದಿಟ್ಟಿದ್ದೆ, ಏಕೆಂದರೆ ಅನೇಕ ಬಗೆಯ ತಕರಾರುಗಳಿಗೆ ಗ್ರಾಹಕರಿಗೆ 120 ದಿನಗಳವರೆಗೆ ಅವಕಾಶವಿರುತ್ತದೆ. ಗ್ರಾಹಕರ ತಕರಾರಿನಿಂದ ಹಣ ಹಿಂದಕ್ಕೆ ಹೋಗುವ ಒಂದು ಚಾರ್ಜ್‌ಬ್ಯಾಕ್ ಬಂತು. ಮೊತ್ತ ಆ ಖಾತೆಯಿಂದಲೇ ಕಡಿತವಾದ್ದರಿಂದ ಅದು ಬಾಕಿಯೆಂದು ನನ್ನ ಹೆಸರಿಗೆ ದಾಖಲಾಗಲಿಲ್ಲ.