ಮನೆ ಮಾರುವ ಮುಂಚೆ ರಿಪೇರಿಗೆ ದುಡ್ಡು ಸುರಿಯುತ್ತಿದ್ದೀರಾ?

ಬೆಂಗಳೂರಿನಲ್ಲಿ ನಮ್ಮದು 30x40 ಸೈಟಿನ ಹಳೇ ಮನೆ. ಮಾರುವ ಮುಂಚೆ ಅಡುಗೆಮನೆಗೆ ಹೊಸ ಗ್ರಾನೈಟ್, ಕಬೋರ್ಡ್ ಎಲ್ಲ ಹಾಕಿಸಿದೆವು. ಕೊಳ್ಳಲು ಬಂದವರು ಆ ಕಡೆ ತಲೆಯೇ ಹಾಕಲಿಲ್ಲ. ಟೇಪ್ ಹಿಡಿದು ಸೈಟ್ ಅಳೆದರು, ಮುಂದಿನ ರಸ್ತೆ ಎಷ್ಟು ಅಡಿ ಅಂತ ಕೇಳಿದರು. ಕೆಡವಿ ಕಟ್ಟುವವರಿಗೆ ಗ್ರಾನೈಟ್ ಯಾಕೆ ಬೇಕು, ಅಲ್ವಾ?

ಹಾಗಾಗಿ ಮೊದಲು ನಿಮ್ಮ ಬೀದಿಯಲ್ಲಿ ಈಚೆಗೆ ಮಾರಾಟವಾದ ಮನೆಗಳನ್ನು ನೋಡಿ. ಕೊಂಡವರು ಅದರಲ್ಲೇ ಇದ್ದಾರಾ, ಕೆಡವಿದರಾ? ಕೆಡವಿದ್ದರೆ ಸುಣ್ಣ ಬಣ್ಣವೂ ದಂಡ. ರಿಪೇರಿಗೆ ಓಡಾಡುವ ಬದಲು ಇ-ಖಾತಾ, ಅಂದರೆ ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ, ಮಾಡಿಸಿಕೊಳ್ಳಿ. ಈಗ ಅದಿಲ್ಲದೆ ರಿಜಿಸ್ಟ್ರೇಷನ್ ಆಗುವುದಿಲ್ಲ.

ವಾಸಕ್ಕೆ ಬರುವವರಾದರೆ ಸೋರಿಕೆ ಮೊದಲು ನಿಲ್ಲಿಸಿ. ಬಾತ್‌ರೂಮಿನ ಹಿಂದಿನ ಗೋಡೆಯಲ್ಲಿ ತೇವದ ಕಲೆ ಕಂಡರೆ ಸಾಕು, ಚೌಕಾಸಿ ಅಲ್ಲಿಂದಲೇ ಶುರು. ಕಲೆಯ ಮೇಲೆ ಸುಮ್ನೆ ಬಣ್ಣ ಬಳಿಯಬೇಡಿ, ಮತ್ತೆ ಉಬ್ಬಿ ಉದುರುತ್ತದೆ. ಪೈಪ್ ಸರಿ ಮಾಡಿಸಿ, ಗೋಡೆ ಪೂರ್ತಿ ಒಣಗಿದ ಮೇಲೆ ಪೇಂಟ್ ಮಾಡಿಸಿ.

ಇನ್ನೊಂದು ಮಾತು. ಮಹಡಿ, ಹೊಸ ರೂಮು ಕಟ್ಟಿಸಿದ್ದರೆ ಬಿಲ್ಲು ಎಸೆಯಬೇಡಿ. ಕ್ಯಾಪಿಟಲ್ ಗೇನ್ಸ್ ತೆರಿಗೆ, ಅಂದರೆ ಮಾರಿದ ಲಾಭದ ಮೇಲಿನ ತೆರಿಗೆ, ಲೆಕ್ಕ ಹಾಕುವಾಗ ಆ ಖರ್ಚು ಕಳೆಯಬಹುದು. ಪೇಂಟು, ಸಣ್ಣಪುಟ್ಟ ರಿಪೇರಿಗೆ ಸಾಮಾನ್ಯವಾಗಿ ಆ ಅನುಕೂಲ ಇಲ್ಲ.