ಒಂದೇ ಸೊಂಟನೋವಿಗೆ ಎರಡು ಯೋಗ

ತಡ್ಪೆಯನ್ನು (ಮೊರ) ಮಡಿಲಲ್ಲಿಟ್ಟು ದಿನವಿಡೀ ಬೀಡಿ ಕಟ್ಟುವ ಮಂಗಳೂರಿನ ಹೆಂಗಸಿಗೂ, ಉಡುಪಿಯ ರಥಬೀದಿಗೆ ಒಂದು ಸುತ್ತು ಬರುವಷ್ಟರಲ್ಲಿ ಕಾಲು ಜೋಮು ಹಿಡಿದು ಕೂರಲು ಜಗಲಿ ಹುಡುಕುವ ಎಪ್ಪತ್ತರ ಅಜ್ಜನಿಗೂ ಇರುವುದು ಸೊಂಟನೋವೇ. ಆದರೆ ಒಬ್ಬರಿಗೆ ಹಿತವಾದ ಆಸನ ಇನ್ನೊಬ್ಬರ ನೋವು ಏರಿಸುತ್ತದೆ. ಚಾಪೆ ಹಾಸುವ ಮೊದಲು ಯಾವ ಕಡೆ ಬಾಗಿದರೆ ಏನಾಗುತ್ತದೆ ಎಂದು ನೋಡಿಕೊಳ್ಳಿ.

ನಿಂತು ನಿಧಾನವಾಗಿ 5 ಸಲ ಮುಂದಕ್ಕೆ ಬಾಗಿ ಏಳಿ. ಎರಡು ನಿಮಿಷ ಬಿಟ್ಟು, ಅಂಗೈಗಳನ್ನು ಸೊಂಟಕ್ಕೆ ಒತ್ತಿ 5 ಸಲ ಹಿಂದಕ್ಕೆ ಬಾಗಿ. ನೋವು ತೊಡೆ, ಮೀನಖಂಡದತ್ತ ಇಳಿದರೆ ಆ ದಿಕ್ಕು ಬೇಡ. ಕಾಲಿನಿಂದ ಮೇಲೇರಿ ಸೊಂಟದ ನಡುವೆ ನಿಂತರೆ, ಅಲ್ಲಿ ತುಸು ಜಾಸ್ತಿ ಅನಿಸಿದರೂ, ಅದೇ ಸರಿಯಾದ ದಿಕ್ಕು. ಮಲಮೂತ್ರದ ಹಿಡಿತ ತಪ್ಪಿದ್ದರೆ, ತೊಡೆಸಂದು ಮರಗಟ್ಟಿದ್ದರೆ, ಪಾದ ಎತ್ತಲಾಗದಿದ್ದರೆ ಯೋಗ ಬಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಿ.

ಬೀಡಿ ಕಟ್ಟುವವರಿಗೆ ಸಾಮಾನ್ಯವಾಗಿ ಹಿಂದಕ್ಕೆ ಬಾಗುವುದು ಹಿಡಿಸುತ್ತದೆ. ಮಕರಾಸನದಲ್ಲಿ 2 ನಿಮಿಷ ಬೋರಲು ಮಲಗಿ. ಅದೇ ನೋಯುತ್ತಿದ್ದರೆ ಹೊಟ್ಟೆಯಡಿ ಮಡಚಿದ ಬೈರಾಸು (ಟವೆಲ್) ಇಡಿ. ನಂತರ ಭುಜಂಗಾಸನಕ್ಕೆ ಮೊಣಕೈ ಊರಿ ಎದೆ ಮಾತ್ರ ಎತ್ತಿ, 5 ಉಸಿರು, 3 ಸಲ. ಭುಜಂಗಾಸನ ಹಾಳಾಗುವುದು ಇಲ್ಲೇ: ಎತ್ತರಕ್ಕೆ ಏಳುವ ಹಟದಲ್ಲಿ ಕೈ ನೆಟ್ಟಗೆ ಮಾಡುತ್ತಾರೆ, ಭುಜ ಕಿವಿಗೆ ತಾಗುತ್ತದೆ, ಪೃಷ್ಠ ಕಲ್ಲಾಗುತ್ತದೆ. ಹೊಕ್ಕುಳು ನೆಲ ಬಿಡಬಾರದು. ಬೋರಲು ಮಲಗಿ ಒಂದೊಂದೇ ಕಾಲು ಎತ್ತುವ ಏಕಪಾದ ಶಲಭಾಸನದಲ್ಲಿ ಕಾಲು ಒಂದು ಗೇಣು ಎದ್ದರೆ ಧಾರಾಳ. ಅದಕ್ಕಿಂತ ಮೇಲೆ ಹೋದರೆ ಸೊಂಟ ಓರೆಯಾಗುತ್ತದೆ. ಪ್ರತಿ ಕಾಲಿಗೆ 5 ಸಲ ಸಾಕು. ಇಷ್ಟೆಲ್ಲ ಮಾಡಿ ಮತ್ತೆ ಮೂರು ಗಂಟೆ ಬಗ್ಗಿ ಕೂತರೆ ಹೊಳೆಯಲ್ಲಿ ಹುಣಸೆ ತೊಳೆದಂತೆ. ಅರ್ಧ ಗಂಟೆಗೊಮ್ಮೆ ತಡ್ಪೆ ಕೆಳಗಿಟ್ಟು ಎದ್ದು 5 ಸಲ ಹಿಂದಕ್ಕೆ ಬಾಗಿ.

ಅಜ್ಜನದು ತಿರುಗಾಮುರುಗ. ಕೂತರೆ, ಮುಂದೆ ಬಾಗಿದರೆ ಹಾಯೆನಿಸುತ್ತದೆ ಎಂದರೆ ಬೆನ್ನುಹುರಿಯ ದಾರಿ ಕಿರಿದಾಗಿರುವ ಸಾಧ್ಯತೆ ಹೆಚ್ಚು. ವೈದ್ಯರಿಗೆ ತೋರಿಸಿ, ಭುಜಂಗಾಸನ ಬಿಡಿ. ಅಂಗಾತ ಮಲಗಿ ಮೀನಖಂಡವನ್ನು ಕುರ್ಚಿಯ ಮೇಲಿಟ್ಟು 5 ನಿಮಿಷ. ಬಳಿಕ ಒಂದೊಂದೇ ಮಂಡಿ ಎದೆಯತ್ತ ತಂದು 5 ಉಸಿರು, ತಲೆ ಎತ್ತದೆ. ಮೂಳೆ ಟೊಳ್ಳಾದವರು (ಆಸ್ಟಿಯೊಪೊರೋಸಿಸ್) ಕಾಲು ಚಾಚಿ ಕೂತು ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನ ಮಾಡಲೇಬಾರದು, ಬೆನ್ನುಮೂಳೆ ಕುಸಿಯಬಹುದು.

ಉಸಿರು ಇಬ್ಬರಿಗೂ ಒಂದೇ: 4 ಎಣಿಸಿ ಒಳಗೆ, 6 ಎಣಿಸಿ ಹೊರಗೆ, 5 ನಿಮಿಷ. ಬಿ.ಪಿ. ಇದ್ದವರು ಉಸಿರು ಕಟ್ಟುವುದು ಬೇಡ, ರಭಸದಿಂದ ಉಸಿರು ಹೊರದೂಡುವ ಕಪಾಲಭಾತಿಯೂ ಬೇಡ.

ಎದ್ದ ಕೂಡಲೇ ಮುಂದೆ ಬಾಗಬೇಡಿ. ರಾತ್ರಿಯಿಡೀ ನೀರು ಹೀರಿ ಬೆನ್ನುಮೂಳೆಗಳ ನಡುವಿನ ಡಿಸ್ಕ್ ಉಬ್ಬಿರುತ್ತದೆ. ಒಂದು ಗಂಟೆ ಓಡಾಡಿದ ಮೇಲೆ ಮಾಡಿ. ಗಂಜಿ ಊಟವಾಗಿದ್ದರೆ 3 ಗಂಟೆ ಕಾಯಿರಿ. ಮಳೆಗಾಲದಲ್ಲಿ ಸಿಮೆಂಟು ನೆಲ ಬೆವರುತ್ತದೆ, ಚಾಪೆಯಡಿ ಜಮಖಾನ ಇರಲಿ.

ಹಾಲಿನ ಲೆಕ್ಕದ ಪುಸ್ತಕದಲ್ಲೇ ಬೆಳಗ್ಗೆ, ಸಂಜೆ ನೋವಿಗೆ 0ರಿಂದ 10ರೊಳಗೆ ಅಂಕ ಬರೆಯಿರಿ. ಮರುದಿನ 2 ಅಂಕ ಏರಿದ್ದರೆ ಅಭ್ಯಾಸ ಅರ್ಧಕ್ಕಿಳಿಸಿ. ಎರಡು ವಾರವಾದರೂ ಅಂಕ ಕದಲದಿದ್ದರೆ ಆಸನಗಳ ಸಂಖ್ಯೆ ಹೆಚ್ಚಿಸಲು ಹೋಗದೆ, ಅದೇ ಪುಸ್ತಕ ಹಿಡಿದುಕೊಂಡು ಬಿಎನ್‌ವೈಎಸ್ (ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ) ಓದಿದ ವೈದ್ಯರನ್ನು ಕಾಣಿ.